ಸೂಪರ್ ಮಾರ್ಕೆಟ್ ಹತ್ತಿರದ ಹಳೇ ಪುಸ್ತಕದಂಗಡಿ, ಮತ್ತೆ ಆ ಹಾಲಿನ ಬಕೆಟ್

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಗಲ್ಲಿಯಲ್ಲಿ ಈ ಅಂಗಡಿ ಇದೆ, ಬೋರ್ಡ್ ಇಲ್ಲ. ಗೈಡುಗಳೇ ಜಾಸ್ತಿ. ಆದರೆ ಹಿಂದಿನ ಗೋಡೆಗೆ ಒಂದು ಸಾಲು ಕಾದಂಬರಿಗಳಿವೆ, 100 ರೂಪಾಯಿ ಡಿಪಾಸಿಟ್ ಇಟ್ಟರೆ ವಾರಕ್ಕೆ 20 ರೂಪಾಯಿ ಬಾಡಿಗೆಗೆ ಮನೆಗೇ ಕೊಡುತ್ತಾರೆ.

ಮೊದಲು ತಂದಿದ್ದು ಜಾರ್ಜ್ ಆರ್ವೆಲ್ 1945ರಲ್ಲಿ ಪ್ರಕಟಿಸಿದ 'ಅನಿಮಲ್ ಫಾರ್ಮ್'. ಪ್ರಾಣಿಗಳು ಯಜಮಾನನನ್ನು ಓಡಿಸಿ, ಎಲ್ಲರೂ ಸಮಾನರು ಅಂತ ಗೋಡೆ ಮೇಲೆ ಏಳು ನಿಯಮ ಬರೆದುಕೊಳ್ಳುತ್ತವೆ, ಕೊನೆಗೆ ಹಂದಿಗಳೇ ಯಜಮಾನರಾಗುತ್ತವೆ. ಜೀವಮಾನವೆಲ್ಲ ದುಡಿದ ಕುದುರೆ ಬಾಕ್ಸರ್‌ನನ್ನು ಕಟುಕನಿಗೆ ಮಾರುವಾಗ ನನಗೆ ಅಳುವೇ ಬಂತು. ವಾಪಸ್ ಕೊಡುವಾಗ ಅದನ್ನೇ ಹೇಳಿದೆ. ಅಂಗಡಿ ಕಾಕಾ, "ಅಷ್ಟು ದೂರ ಯಾಕ್ ಹೋಗ್ತಿಯವ್ವಾ, ಮೊದಲನೇ ದಿನದ ಹಾಲು ಎಲ್ಲಿ ಹೋಯ್ತು ನೋಡು, ಅಲ್ಲೇ ಕೆಟ್ಟದ" ಅಂದರು.

ಅಲ್ಲೇ ನಿಂತು ಪುಟ ತಿರುಗಿಸಿದೆ. ಹೌದು. ಗೆದ್ದ ಮರುದಿನ ಬೆಳಿಗ್ಗೆ ಹಸುಗಳ ಹಾಲು ಕರೆದಿಟ್ಟು ಎಲ್ಲರೂ ಹುಲ್ಲು ಕೊಯ್ಯಲು ಹೋಗುತ್ತಾರೆ, ಸಂಜೆ ಬಂದರೆ ಬಕೆಟ್ ಖಾಲಿ, ಯಾರೂ ಜಗಳ ತೆಗೆಯುವುದಿಲ್ಲ. ಹಾಲು ಹೋಗಿದ್ದು ಹಂದಿಗಳ ಪಾಲಿಗೆ. ಆಮೇಲೆ ಸೇಬು. ಆಮೇಲೆ ಹಾಸಿಗೆ. ಆಮೇಲೆ ಗೋಡೆಯ ನಿಯಮಗಳೇ ಬದಲಾಗುತ್ತವೆ. ಕತೆ ತಿರುಗುವುದು ಈ ಹಾಲು, ಸೇಬಿನ ಹತ್ತಿರವೇ ಅಂತ ಆರ್ವೆಲ್ ಕೂಡ ಒಂದು ಪತ್ರದಲ್ಲಿ ಬರೆದಿದ್ದಾನೆ. ನಾನು ಸುಮ್ನೆ ಓದಿಕೊಂಡು ದಾಟಿಬಿಟ್ಟಿದ್ದೆ!

'ಒಳ್ಳೆ ಕನಸುಗಳ ಗತಿಯೇ ಇಷ್ಟು' ಅನ್ನುವವರ ಮಾತು ನಾನು ಒಪ್ಪಲ್ಲ. ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣ ನೆನಪಿದೆ ಅಲ್ವಾ? 12ನೇ ಶತಮಾನದ ಶರಣರ ಕತೆಯಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಗುತ್ತದೆ, ಅದಕ್ಕೆ ಅಪ್ಪಂದಿರಿಗೆ ಅರಸನಿಂದ ಘೋರ ಶಿಕ್ಷೆ. ಅಲ್ಲಿ ಕನಸನ್ನು ಅಧಿಕಾರದಲ್ಲಿದ್ದವರು ತುಳಿದರು. ಆರ್ವೆಲ್ ಕತೆಯಲ್ಲಿ ಅದರ ಹೆಸರು ಹೇಳಿಕೊಂಡು ಮೇಲೆ ಬಂದವರೇ ತಿಂದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಒಂದು ದೂರು ಇದೆ. ಎರಡನೇ ಸಲ ತಂದ ಆರ್ವೆಲ್‌ನದೇ ಕಾದಂಬರಿ '1984'ರ ಕೊನೆಯ ಹಾಳೆಗಳೇ ಇರಲಿಲ್ಲ. ಕಥಾನಾಯಕ ವಿನ್‌ಸ್ಟನ್‌ನ ಮನಸ್ಸು ಪೂರ್ತಿ ಮುರಿದುಹೋಗುವುದು ಅಲ್ಲೇ, ಅದಿಲ್ಲದೆ ಏನು ಓದಿದ ಹಾಗಾಯಿತು? ಕಾಕಾ ಮಾತಿಲ್ಲದೆ ಬಾಡಿಗೆ ವಾಪಸ್ ಕೊಟ್ಟರು. ಆದರೂ ತರುವ ಮುಂಚೆ ಹಾಳೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಅಂಗಡಿ ಮುಚ್ಚಿರುತ್ತದೆ.

ಈಗ ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' ನನ್ನ ಹತ್ತಿರ ಇದೆ, 1932ರದ್ದು. ಇಲ್ಲಿ ದುಃಖ ಬಂದರೆ ನುಂಗಲು ಸರ್ಕಾರವೇ ಮಾತ್ರೆ ಕೊಡುತ್ತದೆ. ಅರ್ಧ ಆಗಿದೆ. ಸೋಮವಾರ ವಾಪಸ್ ಇಡುತ್ತೇನೆ, ಬೇಕಾದವರು ಅವತ್ತು ಸಂಜೆ ಹೋಗಿ ಕೇಳಿ.