ಟಾರ್ಕ್ ರೆಂಚ್ ತಗೊಂಡು ಮೂರು ವರ್ಷ: ಆಯಿಲ್ ಸೋರೋದು ನಿಂತಿತಾ?

ನಮ್ಮ ಮನೆ ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದೆ. ಕಲಬುರಗಿಯಲ್ಲಿ ಇದೇನು ವಿಶೇಷ ಅಲ್ಲ ಬಿಡಿ. ಆದರೆ ಆ ಕಲ್ಲಿನ ಮೇಲೆ ಇಂಜಿನ್ ಆಯಿಲ್ ಬಿದ್ದರೆ ಮುಗೀತು, ಏನು ಹಾಕಿ ತಿಕ್ಕಿದರೂ ಕಲೆ ಪೂರ್ತಿ ಹೋಗಲ್ಲ. ನನ್ನ ಹಳೇ 100 ಸಿಸಿ ಬೈಕು ದಿನಾ ಒಂದೇ ಜಾಗದಲ್ಲಿ ನಿಂತು ಆ ಕಲೆಯನ್ನು ರೊಟ್ಟಿಯಷ್ಟು ಅಗಲ ಮಾಡಿತ್ತು. ಅವ್ವನ ಬೈಗುಳ ತಪ್ಪುತ್ತಿರಲಿಲ್ಲ.

ಸೋರುತ್ತಿದ್ದದ್ದು ಕ್ಲಚ್ ಕವರಿನ (ಇಂಜಿನ್ನಿನ ಪಕ್ಕದ ಮುಚ್ಚಳ) ಕೆಳಗೆ. ಗ್ಯಾರೇಜಿಗೆ ಹೋದಾಗೆಲ್ಲ ಉಸ್ತಾದ್ ಟೀ ಪಾನಾ ಹಾಕಿ ಬಿಗಿ ಮಾಡುತ್ತಿದ್ದರು. "ಇನ್ನೊಂದ್ ಸುತ್ತು ಕೊಟ್ಟೀನಿ ನೋಡ್ರಿ, ಇನ್ ಒಂದ್ ಹನಿನೂ ಬೀಳಂಗಿಲ್ಲ." ಹದಿನೈದು ದಿನಕ್ಕೆ ಮತ್ತೆ ಹನಿ. ಮೂರನೇ ಸಲ ಬಿಗಿ ಮಾಡುವಾಗ ಬೋಲ್ಟು ಇದ್ದಕ್ಕಿದ್ದಂತೆ ಮೆತ್ತಗಾಯ್ತು. ತಿರುಗುತ್ತೆ, ಆದರೆ ಹಿಡಿಯಲ್ಲ. ಬೋಲ್ಟು ಉಕ್ಕಿನದು, ಇಂಜಿನ್ ಅಲ್ಯೂಮಿನಿಯಂ. ಚೂಡಿ, ಅಂದ್ರೆ ಬೋಲ್ಟು ಹಿಡಿಯುವ ಸುರುಳಿ ಗೆರೆ, ಹೋಗೋದು ಹೆಚ್ಚಾಗಿ ಇಂಜಿನ್ನಿನದೇ. ತೂತು ಕೊರೆದು ಹೆಲಿಕಾಯಿಲ್ (ಹೊಸ ಚೂಡಿಯಾಗುವ ತಂತಿ ಸುರುಳಿ) ಹಾಕಿಸಬೇಕಾಯ್ತು. ಆ ರಾತ್ರಿಯೇ ಆನ್‌ಲೈನ್‌ನಲ್ಲಿ ಟಾರ್ಕ್ ರೆಂಚ್ ಆರ್ಡರ್ ಮಾಡಿದೆ. ನಾವು ಇಟ್ಟಷ್ಟು ಬಿಗಿ ಆದ ಕೂಡಲೇ 'ಟಕ್' ಅಂತ ಹೇಳುವ ಪಾನಾ ಅದು.

ನನ್ನದು 1/4 ಇಂಚಿನ (ಸಾಕೆಟ್ ಕೂರುವ ತುದಿಯ ಅಳತೆ) ಕ್ಲಿಕ್ ರೆಂಚ್, 5ರಿಂದ 25 ನ್ಯೂಟನ್ ಮೀಟರಿನದು (ತಿರುಗಿಸುವ ಜೋರಿನ ಅಳತೆ). ನಾನು ತಗೊಂಡಾಗ ಬೆಲೆ 2,400 ರೂಪಾಯಿ ಇತ್ತು. ಕವರಿನ ಬೋಲ್ಟುಗಳು 6 ಎಂಎಂನವು, ತಲೆಗೆ 8 ನಂಬರ್ ಪಾನಾ ಕೂರುತ್ತೆ. ಇಂಥವಕ್ಕೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಿಮ್ಮ ಬೈಕಿನ ಸರ್ವಿಸ್ ಪುಸ್ತಕದಲ್ಲಿ ಏನಿದೆಯೋ ಅದೇ ಖರೆ. ಮೊದಲ ಸಲ 'ಟಕ್' ಅಂದಾಗ ನಂಬಿಕೆ ಬರಲಿಲ್ಲ. ಇಷ್ಟೇನಾ? ಉಸ್ತಾದ್ ಕೈಯ ಜೋರಿನ ಅರ್ಧವೂ ಇರಲಿಲ್ಲ.

ಮಜಾ ಏನಂದ್ರೆ, ಎಲ್ಲ ಬೋಲ್ಟು ಸರಿಯಾಗಿ ಬಿಗಿ ಮಾಡಿದರೂ ಸೋರೋದು ನಿಲ್ಲಲಿಲ್ಲ. ದುಡ್ಡು ನೀರಲ್ಲಿ ಹೋಯ್ತು ಅಂದುಕೊಂಡೆ. ಕೊನೆಗೆ ಆಯಿಲ್ ಇಳಿಸಿ, ಕಿಕ್ಕರ್ ತೆಗೆದು, ಕವರ್ ಬಿಚ್ಚಿದೆ. ಒಳಗಿನ ಪ್ಯಾಕಿಂಗ್ (ಕವರಿಗೂ ಇಂಜಿನ್ನಿಗೂ ನಡುವಿನ ತೆಳು ಪದರ) ಬೋಲ್ಟಿನ ಸುತ್ತ ಹಿಚುಕಿ ಹೊರಗೆ ಬಂದಿತ್ತು. ಎರಡು ಬೋಲ್ಟಿನ ನಡುವೆ ಮಾತ್ರ ದಪ್ಪ, ಗಟ್ಟಿ, ಒಣ ಹಪ್ಪಳದ ಹಾಗೆ. ಹೊಸ ಪ್ಯಾಕಿಂಗ್ ತಂದೆ. ಹಳೆಯದನ್ನು ಪ್ಲಾಸ್ಟಿಕ್ ಸ್ಕೇಲಿನ ತುಂಡಿನಿಂದ ಕೆರೆದೆ. ಬ್ಲೇಡು, ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತೆ, ಆ ಗೀರಿನಲ್ಲೇ ಮತ್ತೆ ಆಯಿಲ್ ಹರಿಯುತ್ತೆ. ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತೆ, ಅದಕ್ಕೆ ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಅದೇ ಜಾಗಕ್ಕೆ ಚುಚ್ಚಿಟ್ಟೆ. ವಾಪಸ್ ಹಾಕುವಾಗ ಎದುರುಬದುರು ಬಿಗಿ ಮಾಡುತ್ತಾ ಹೋದೆ. ಮೊದಲ ಸುತ್ತು 5, ಎರಡನೇ ಸುತ್ತು 10. ಚೂಡಿಗೆ ಆಯಿಲ್ ಹಚ್ಚಲಿಲ್ಲ. ಹಚ್ಚಿದರೆ ರೆಂಚ್ ಅದೇ 10 ತೋರಿಸುತ್ತೆ, ಆದರೆ ಬೋಲ್ಟು ಅದಕ್ಕಿಂತ ಜಾಸ್ತಿ ಬಿಗಿಯಾಗುತ್ತೆ.

ಅಲ್ಲಿಂದ ಆ ಕವರ್ ಸೋರಿಲ್ಲ.

ಹೋದ ವರ್ಷ ಎಡಗಡೆ ಜಿನುಗು ಶುರುವಾಯ್ತು. ಈ ಸಲ ಸುಮ್ನೆ ಪಾನಾ ಹಿಡಿಯಲಿಲ್ಲ. ಇಂಜಿನ್ ತೊಳೆದು ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿ, ಆಳಂದ ರೋಡಿನಲ್ಲಿ ಒಂದು ಸುತ್ತು ಹೋಗಿ ಬಂದೆ. ಪೌಡರ್ ಒದ್ದೆಯಾಗಿದ್ದು ಗೇರ್ ಶಾಫ್ಟಿನ ಸೀಲ್ ಹತ್ತಿರ. ಅದಕ್ಕೆ ಕವರ್ ಬೋಲ್ಟು ಎಷ್ಟು ಬಿಗಿ ಮಾಡಿದರೂ ಏನು ಉಪಯೋಗ? ಒಂದು ರಬ್ಬರ್ ಸೀಲ್ ಬದಲಾಯಿಸಿದೆ, ಮುಗೀತು.

ರೆಂಚಿನ ಬಗ್ಗೆ ತಕರಾರೂ ಇವೆ. 7ರ ಕೆಳಗೆ ಕ್ಲಿಕ್ ಎಷ್ಟು ಮೆತ್ತಗೆ ಅಂದ್ರೆ, ಓಣಿಯಲ್ಲಿ ಆಟೋ ಹೋದರೆ ಕೇಳಿಸಲ್ಲ. ಅಂಕಿಗಳು ಸಣ್ಣವು, ನನಗೆ ಚಾಳೀಸು ಬೇಕಾಗುತ್ತೆ. ಡಬ್ಬಿಯ ಮುಚ್ಚಳ ಆರು ತಿಂಗಳಲ್ಲೇ ಮುರಿಯಿತು. ಚಕ್ರದ ಆಕ್ಸಲ್ ನಟ್‌ಗೆ ಇದು ಸಾಲಲ್ಲ, ದೊಡ್ಡದು ಬೇರೆಯೇ ಬೇಕು. ಒಮ್ಮೆ ಕೈಜಾರಿ ಬಿದ್ದಾಗ ಹೆದರಿ ಮನೆಯಲ್ಲೇ ಪರೀಕ್ಷೆ ಮಾಡಿದೆ: ತುದಿಯನ್ನು ವೈಸ್‌ಗೆ ಕಚ್ಚಿಸಿ, ಹಿಡಿಯನ್ನು ಅಡ್ಡಕ್ಕೆ ಇಟ್ಟು, 20 ಸೆಂಟಿಮೀಟರ್ ದೂರಕ್ಕೆ ನೀರಿನ ಕ್ಯಾನ್ ನೇತುಹಾಕಿದೆ. ಕ್ಯಾನ್ ಸೇರಿ 5 ಕೆಜಿ. ಅಂದರೆ ಹೆಚ್ಚುಕಮ್ಮಿ 10 ನ್ಯೂಟನ್ ಮೀಟರ್. 10ಕ್ಕೆ ಇಟ್ಟ ರೆಂಚ್ ಅಲ್ಲೇ ಟಕ್ ಅಂತು. ಲ್ಯಾಬಿನ ಲೆಕ್ಕ ಅಲ್ಲ, ನನ್ನ ಸಮಾಧಾನಕ್ಕೆ ಸಾಕು.

ಇನ್ನೊಂದು ಮಾತು, ಮೇ ತಿಂಗಳಲ್ಲಿ ಮಾಡೋರಿಗೆ. ಕೆಲಸ ಬೆಳಗ್ಗೆಯೇ ಮುಗಿಸಿ. ಬೈಕ್ ಓಡಿಸಿ ಬಂದ ಬಿಸಿ ಇಂಜಿನ್ನಿಗೆ ಪಾನಾ ಹಾಕಬೇಡಿ. ನಮ್ಮ ಊರಿನ ಮಧ್ಯಾಹ್ನಕ್ಕೆ ಪಾನಾ ಮುಟ್ಟೋಕೂ ಆಗಲ್ಲ ಅನ್ನೋದು ಬೇರೆ ಮಾತು.

ವರ್ಷಕ್ಕೊಮ್ಮೆ ಕವರ್ ಬಿಚ್ಚುವವರು ಒಬ್ಬರೇ ಕೊಳ್ಳೋದು ದಂಡ. ನನ್ನದು ಈಗ ಓಣಿಯ ಮೂರು ಮನೆ ತಿರುಗುತ್ತೆ. ಇದರಿಂದ ಬೋಲ್ಟು ಬಿಚ್ಚಬೇಡಿ, ಬಿಗಿ ಮಾಡೋಕೆ ಮಾತ್ರ ಅಂತ ಹೇಳಿಯೇ ಕೊಡುತ್ತೇನೆ. ವಾಪಸ್ ಬಂದಾಗ ಮೊದಲು ನೋಡೋದು ಸ್ಪ್ರಿಂಗ್ ಸಡಿಲ ಮಾಡಿ 5ಕ್ಕೆ ಇಳಿಸಿದ್ದಾರಾ ಅಂತ. ಇನ್ನೂ ಒಬ್ಬರೂ ಇಳಿಸಿಲ್ಲ.