ಗುಜರಿ ಗೇರ್‌ಬಾಕ್ಸ್, ಎಕ್ಸ್‌ಚೇಂಜ್ ಗೇರ್‌ಬಾಕ್ಸ್, ನಾವೇ ಬಿಚ್ಚಿ ಕಟ್ಟಿದ್ದು: ಮೂರೂ ಮಾಡಿ ನೋಡಿದ್ಮೇಲೆ

ನನ್ ಹತ್ರ ಎರಡು ವೀಲ್ ಲೋಡರ್ (ಮುಂದೆ ದೊಡ್ಡ ಬಕೆಟ್ ಇರೋ, ಮಣ್ಣು ಜಲ್ಲಿ ತುಂಬೋ ಗಾಡಿ) ಇವೆ, ಎರಡೂ 20 ವರ್ಷ ದಾಟಿದವು, ಒಂದ್ರ ಮೀಟರ್ 19,000 ಗಂಟೆ ಚಿಲ್ರೆ ತೋರಿಸ್ತಿದೆ, ಇನ್ನೊಂದ್ರ ಮೀಟರೇ ಸತ್ತು ಎಷ್ಟೋ ಕಾಲ ಆಯ್ತು. ಎರಡೂ ಸೇರಿ ಮೂರು ಸಲ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಇಳಿಸಿದ್ದೀನಿ. ಮೂರು ಸಲಾನೂ ಬೇರೆ ಬೇರೆ ದಾರಿ. ಯಾವ್ದು ವಾಸಿ ಅಂತ ಕೇಳೋರು ಜಾಸ್ತಿ ಇದಾರೆ, ಅದಕ್ಕೆ ಒಂದೇ ಸಲ ಬರೆದು ಬಿಡ್ತೀನಿ.

ಮೊದಲನೇ ಸಲ ಆಗಿದ್ದು ಹೀಗೆ. ಬೆಳಿಗ್ಗೆ ಗಾಡಿ ಚೆನ್ನಾಗಿ ಓಡೋದು, ಒಂದೆರಡು ಗಂಟೆ ಆಗಿ ಆಯಿಲ್ ಬಿಸಿ ಆದ್ಮೇಲೆ ಬಕೆಟ್ ಗುಡ್ಡೆಗೆ ನುಗ್ಗಿಸಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ರಿವರ್ಸ್ ಹಾಕಿದ್ರೆ ಎರಡು ಮೂರು ಸೆಕೆಂಡ್ ಯೋಚನೆ ಮಾಡಿ ಹಿಡಿಯುತ್ತೆ. ಆಗ ನಂಗೆ ಪ್ರೆಶರ್ ಗೇಜ್ ಹಾಕಿ ನೋಡ್ಬೇಕು ಅನ್ನೋದೇ ಗೊತ್ತಿರ್ಲಿಲ್ಲ, ಗೇರ್‌ಬಾಕ್ಸ್ ಹೋಯ್ತು ಅಂದ್ರು, ಹೋಯ್ತು ಅಂದ್ಕೊಂಡೆ. ಅದೇ ಮಾಡೆಲ್‌ದು, ಒಡೆದು ಮಾರ್ತಿದ್ದ ಒಂದು ಗಾಡಿಯಿಂದ ಬಿಚ್ಚಿದ ಯುನಿಟ್ ತಂದು ಕೂರಿಸಿದ್ವಿ.

ಗುಜರಿ ಯುನಿಟ್‌ನಲ್ಲಿ ಒಳ್ಳೇದು ಏನಂದ್ರೆ ಖರ್ಚು ಮೂರರಲ್ಲೂ ಕಮ್ಮಿ, ಎಕ್ಸ್‌ಚೇಂಜ್‌ಗೆ ಹೋಲಿಸಿದ್ರೆ ಕಾಲು ಭಾಗದ ಆಸುಪಾಸು. ಆರು ದಿನದಲ್ಲಿ ಗಾಡಿ ಕೆಲಸಕ್ಕೆ ಬಂತು. ಆದ್ರೆ ಅದೇ ಮಾಡೆಲ್ ಅಂದ್ರೂ ಅದೇ ಯುನಿಟ್ ಆಗಿರ್ಬೇಕು ಅಂತೇನಿಲ್ಲ, ಹೌಸಿಂಗ್ (ಹೊರಗಿನ ಕವಚ) ಮೇಲಿನ ಪ್ಲೇಟ್ ನಂಬರ್ ಓದಿ ತಾಳೆ ನೋಡ್ಲೇಬೇಕು. ನಮಗೆ ಬಂದಿದ್ದರ ಸೊಲೆನಾಯ್ಡ್ (ಕರೆಂಟಿಂದ ತೆರೆದು ಮುಚ್ಚೋ ವಾಲ್ವ್) 12 ವೋಲ್ಟ್, ನಮ್ ಗಾಡಿ 24, ಸೊಲೆನಾಯ್ಡ್ ಕೂತಿರೋ ನಮ್ ಹಳೇ ವಾಲ್ವ್ ಬಾಡಿ ಬಿಚ್ಚಿ ಅದಕ್ಕೆ ಹಾಕಿದ್ವಿ. ಅದೂ ಹೋಗ್ಲಿ. ಏಳೇ ತಿಂಗಳಿಗೆ ಅದೇ ಕಾಯಿಲೆ ವಾಪಸ್ ಬಂತು. ಮಾರಿದವ್ರನ್ನ ಬೈದ್ಕೊಂಡು ಓಡಾಡಿದೆ, ಕಂಬಳೀಲಿ ಊಟ ಕಟ್ಕೊಂಡು ಕೂದ್ಲು ಬಂತು ಅಂದಂಗೆ. ನಿಜವಾದ ತಪ್ಪು ನಂದೇ ಅಂತ ಆಮೇಲೆ ಗೊತ್ತಾಯ್ತು. ಗೇರ್‌ಬಾಕ್ಸ್ ಆಯಿಲ್ ತಣ್ಣಗೆ ಮಾಡೋ ಕೂಲರ್‌ನ ಮುಟ್ಟೇ ಇರ್ಲಿಲ್ಲ. ಗೇರ್‌ಬಾಕ್ಸ್ ಒಳಗೆ ಗೇರ್ ಹಿಡಿಯೋ ಹಳೇ ಕ್ಲಚ್ ಪ್ಲೇಟ್ ಸವೆದು ಬಂದ ಕಪ್ಪು ಪುಡಿ, ಲೋಹದ ಚೂರು ಎಲ್ಲಾ ಕೂಲರ್ ಒಳಗೂ ಹೋಸ್ ಒಳಗೂ ಕೂತಿತ್ತು, ನಿಧಾನಕ್ಕೆ ಹೊಸದಾಗಿ ಹಾಕಿದ ಯುನಿಟ್ ಒಳಗೆ ಬಂದು ಸೇರ್ತು. ಅರ್ಧ ಕೂಲರ್ ಕಟ್ಟಿಕೊಂಡಿದ್ರಿಂದ ಆಯಿಲ್ ಕಾಯ್ತಾನೂ ಇತ್ತು, ಕಾದ್ರೆ ಸೀಲ್ ಗಟ್ಟಿ ಆಗುತ್ತೆ, ಸೀಲ್ ಲೀಕ್ ಆದ್ರೆ ಆಯಿಲ್ ಪ್ರೆಶರ್‌ನಿಂದ ಕ್ಲಚ್ ಪ್ಲೇಟ್ ಒತ್ತೋ ಪಿಸ್ಟನ್ ಪೂರ್ತಿ ಒತ್ತಲ್ಲ, ಒತ್ತದಿದ್ರೆ ಪ್ಲೇಟ್ ಜಾರಿ ಸುಡುತ್ತೆ, ಸುಟ್ಟಿದ್ದು ಮತ್ತೆ ಕೂಲರ್‌ಗೆ.

ಎರಡನೇ ಸಲ, ಅದೇ ಗಾಡಿಗೆ, ಎಕ್ಸ್‌ಚೇಂಜ್ ತಗೊಂಡೆ. ಅಂದ್ರೆ ಫ್ಯಾಕ್ಟರಿ ಕಡೆಯಿಂದ ರೀಬಿಲ್ಡ್ ಆಗಿ, ಟೆಸ್ಟ್ ಬೆಂಚ್ ಮೇಲೆ ಓಡಿಸಿ ಕಳ್ಸಿದ ಯುನಿಟ್, ನಮ್ಮ ಹಳೇದನ್ನ ವಾಪಸ್ ಕೊಡ್ಬೇಕು. ದುಡ್ಡು ಎದೆ ಒಡೆಯೋ ಹಾಗಿತ್ತು, ಗಾಡಿ ಮಾರಿದ್ರೆ ಬರೋದ್ರಲ್ಲಿ ಸುಮಾರು ಅರ್ಧ. ಜೊತೆಗೆ ಹಳೇ ಹೌಸಿಂಗ್ ಬಿರುಕು ಬಿಟ್ಟಿದ್ರೆ ವಾಪಸ್ ಬರ್ಬೇಕಾದ ಡೆಪಾಸಿಟ್‌ನಲ್ಲಿ ಮುರ್ಕೋತಾರೆ, ಇದನ್ನ ಮೊದಲೇ ಕೇಳಿ ಬರೆಸ್ಕೊಳ್ಳಿ. ಆದ್ರೆ ಕೆಲಸದ ನೆಮ್ಮದಿ ಬೇರೆನೇ. ಇಳಿಸೋದು ಎರಡು ದಿನ (ನಮ್ ಗಾಡಿಲಿ ಕ್ಯಾಬ್ ಎತ್ತದೆ ಆಗಲ್ಲ), ಕೂರಿಸೋದು ಎರಡು ದಿನ, ಒಂದು ದಿನ ಆಯಿಲ್, ಟೆಸ್ಟಿಂಗ್. ವಾರಂಟಿ ಪೇಪರ್‌ನಲ್ಲೇ ಬರೆದಿತ್ತು, ಕೂಲರ್ ಬದಲಾಯಿಸ್ಬೇಕು ಅಥವಾ ಫ್ಲಶ್ ಮಾಡಿದ್ದಕ್ಕೆ (ಒಳಗೆಲ್ಲಾ ತೊಳೆದಿದ್ದಕ್ಕೆ) ದಾಖಲೆ ಬೇಕು ಅಂತ. ಆಗ್ಲೇ ನಂಗೆ ಹಿಂದಿನ ಕಥೆ ಅರ್ಥ ಆಗಿದ್ದು. ಆ ಯುನಿಟ್ ಇವತ್ತಿಗೂ ಓಡ್ತಿದೆ, 5,000 ಗಂಟೆ ದಾಟಿದೆ.

ಕೂರಿಸೋವಾಗ ಒಂದು ವಿಷ್ಯ. ಟಾರ್ಕ್ ಕನ್ವರ್ಟರ್‌ನ (ಇಂಜಿನ್ ಬಲಾನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ಕೊಡೋದು) ತಿರುಗಿಸ್ತಾ ಒಳಗೆ ತಳ್ಳಿ ಪಂಪ್ ಹಲ್ಲಿಗೆ ಸರಿಯಾಗಿ ಕೂತಿದೆಯಾ ಅಂತ ಅಳತೆ ಹಿಡಿದು ನೋಡದೆ ಬೋಲ್ಟ್ ಎಳೆದು ಬಿಗಿ ಮಾಡಿದ್ರೆ ಪಂಪ್ ಅಲ್ಲೇ ಒಡೆಯುತ್ತೆ, ಸ್ಟಾರ್ಟ್ ಮಾಡೋಕ್ ಮುಂಚೆನೇ ಹೊಸ ಗೇರ್‌ಬಾಕ್ಸ್ ಕಥೆ ಮುಗೀತು. ಎಂಜಿನ್ ಹೌಸಿಂಗ್‌ಗೂ ಗೇರ್‌ಬಾಕ್ಸ್‌ಗೂ ಮಧ್ಯೆ ಸಂದು ಉಳಿದಿದ್ರೆ ಬೋಲ್ಟ್‌ನಿಂದ ಎಳೀಬೇಡಿ, ಹೊರಗೆ ತೆಗೆದು ಮತ್ತೆ ನೋಡಿ.

ಮೂರನೇದು ಎರಡನೇ ಗಾಡಿ, ನಾವೇ ಬಿಚ್ಚಿ ಕಟ್ಟಿದ್ದು. ಈ ಸಲ ಇಳಿಸೋಕ್ ಮುಂಚೆ ಗೇಜ್ ಹಾಕ್ದೆ. ನಮ್ ಗಾಡಿ ಬುಕ್‌ನಲ್ಲಿ ಕ್ಲಚ್ ಪ್ರೆಶರ್ 16ರಿಂದ 18 ಬಾರ್ ಇರ್ಬೇಕು ಅಂತಿದೆ, ನಿಮ್ದು ಬೇರೆ ಇರ್ಬಹುದು. ಎಲ್ಲಾ ಗೇರ್‌ನಲ್ಲೂ ಪ್ರೆಶರ್ ಬಿದ್ರೆ ಪಂಪ್, ರೆಗ್ಯುಲೇಟರ್ ವಾಲ್ವ್ ಅಥವಾ ಸಕ್ಷನ್ ಜಾಲರಿ (ಪಂಪ್ ಆಯಿಲ್ ಎಳೆಯೋ ಬಾಯಲ್ಲಿರೋದು) ನೋಡ್ಬೇಕು, ಒಂದು ಗೇರ್‌ನಲ್ಲಿ ಮಾತ್ರ ಬಿದ್ರೆ ಆ ಕ್ಲಚ್‌ನ ಪಿಸ್ಟನ್ ಸೀಲ್ ಅಥವಾ ಶಾಫ್ಟ್ ಮೇಲಿನ ರಿಂಗ್. ನಮ್ದು ರಿವರ್ಸ್‌ನಲ್ಲಿ ಮಾತ್ರ 11ಕ್ಕೆ ಬೀಳ್ತಿತ್ತು. ಫಿಲ್ಟರ್ ಕತ್ತರಿಸಿ ಬಿಡಿಸಿ ನೋಡಿದ್ರೆ ಕಪ್ಪು ಪುಡಿ ಇತ್ತು, ಅಲ್ಯುಮಿನಿಯಂ ಹೊಳಪು ಇರ್ಲಿಲ್ಲ. ಅದು ಇದ್ದಿದ್ರೆ ಕನ್ವರ್ಟರ್ ಕಡೆ ಅನುಮಾನ ಪಡ್ಬೇಕಿತ್ತು. ಮ್ಯಾಗ್ನೆಟ್‌ಗೆ ಕಬ್ಬಿಣದ ಚೂರೂ ಅಂಟಿರ್ಲಿಲ್ಲ, ಅಂದ್ರೆ ಗೇರ್ ಬೇರಿಂಗ್ ಬಹುಶಃ ಚೆನ್ನಾಗಿದೆ. ಇದನ್ನ ನೋಡಿದ್ಮೇಲೇ ನಾವೇ ಕಟ್ಟೋಣ ಅಂತ ಧೈರ್ಯ ಬಂದಿದ್ದು, ಗೇರ್ ಹಲ್ಲು ಹೋಗಿದ್ರೆ ನಾನು ಖಂಡಿತ ಕೈ ಹಾಕ್ತಿರ್ಲಿಲ್ಲ.

ಹತ್ತೊಂಬತ್ತು ದಿನ ಹಿಡೀತು. ಅದ್ರಲ್ಲಿ ನಿಜವಾದ ಕೆಲಸ ಏಳೆಂಟು ದಿನ, ಮಿಕ್ಕಿದ್ದೆಲ್ಲಾ ಪಾರ್ಟ್ಸ್‌ಗೆ ಕಾಯೋದು, ಒಂದು ಸ್ನ್ಯಾಪ್ ರಿಂಗ್‌ಗೋಸ್ಕರ ನಾಲ್ಕು ದಿನ ಸುಮ್ನೆ ಕೂತಿದ್ವಿ. ಖರ್ಚು ಎಕ್ಸ್‌ಚೇಂಜ್‌ನ ಮೂರನೇ ಒಂದು ಭಾಗ, ನಮ್ಮ ಬೆವರಿಗೆ ಲೆಕ್ಕ ಹಾಕದೆ. ಸೀಲ್ ಎಲ್ಲಾ ಹೊಸದು, ಪ್ಲೇಟ್ ಎಲ್ಲಾ ಹೊಸದು, ಒಂದು ಕ್ಲಚ್ ಕೆಟ್ಟಿದ್ರೂ ಎಲ್ಲಾ ಕ್ಲಚ್ ಬಿಚ್ಚಿದ್ವಿ, ಯಾಕಂದ್ರೆ ಇನ್ನೊಂದು ಆರು ತಿಂಗಳಿಗೆ ಮತ್ತೆ ಕ್ಯಾಬ್ ಎತ್ತೋಕೆ ಯಾರಿಗೂ ಆಸೆ ಇರ್ಲಿಲ್ಲ. ಹೊಸ ಪ್ಲೇಟ್‌ನ ಜೋಡಿಸೋಕ್ ಮುಂಚೆ ಆಯಿಲ್‌ನಲ್ಲಿ ನೆನೆಹಾಕ್ಬೇಕು, ಒಣಗಿದ್ದನ್ನ ಹಾಕಿದ್ರೆ ಮೊದಲ ಎಂಗೇಜ್‌ಗೇ ಸುಡುತ್ತೆ. ಹೌಸಿಂಗ್ ಮುಚ್ಚೋಕ್ ಮುಂಚೆ ಒಂದೊಂದು ಕ್ಲಚ್‌ಗೂ ಗಾಳಿ ಬಿಟ್ಟು ನೋಡಿ, ಪಿಸ್ಟನ್ ದಪ್ ಅಂತ ಹೊಡ್ಕೋಬೇಕು, ಬಿಟ್ರೆ ವಾಪಸ್ ಬರ್ಬೇಕು. ನಮಗೆ ಒಂದು ಕ್ಲಚ್‌ನಲ್ಲಿ ದಪ್ ಬದಲು ಬುಸ್ ಅಂತ ಬಂತು, ಸೀಲ್ ಅಂಚು ಮಡಚಿಕೊಂಡಿತ್ತು, ಬಿಚ್ಚಿ ಮತ್ತೆ ಹಾಕಿದ್ವಿ. ಕತ್ತಲಾಗಿತ್ತು, ಹಸಿವಾಗಿತ್ತು, ಹಾಗೇ ಮುಚ್ಚಿಬಿಡೋಣ ಅಂತ ಒಬ್ಬ ಅಂದಿದ್ದ, ಅವನನ್ನ ಇವತ್ತಿಗೂ ಬುಸ್ ಅಂತಾನೇ ಕರೀತೀವಿ.

ಆಮೇಲೆ ಸ್ಟಾಲ್ ಟೆಸ್ಟ್, ಅಂದ್ರೆ ಗಾಡಿ ನಿಲ್ಲಿಸಿಟ್ಟೇ ಗೇರ್‌ಬಾಕ್ಸ್ ಜಾರುತ್ತಾ ಅಂತ ನೋಡೋದು. ಬ್ರೇಕ್ ಒತ್ತಿ ಹಿಡಿದು, ಗಾಡಿ ಮುಂದೆ ಯಾರೂ ಇಲ್ಲ ಅಂತ ನೋಡಿ, ಗೇರ್ ಹಾಕಿ ಫುಲ್ ಆಕ್ಸಿಲರೇಟರ್. ಆರ್‌ಪಿಎಮ್ ಬುಕ್‌ಗಿಂತ ಮೇಲೆ ಹೋದ್ರೆ ಎಲ್ಲೋ ಜಾರ್ತಿದೆ, ತುಂಬಾ ಕೆಳಗೇ ನಿಂತ್ರೆ ಇಂಜಿನ್ ಬಲ ಇಲ್ಲ ಅಥವಾ ಕನ್ವರ್ಟರ್ ಒಳಗಿನ ಸ್ಟೇಟರ್ ತೊಂದ್ರೆ. ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡೀಬೇಡಿ, ಆಯಿಲ್ ಒಲೆ ಮೇಲಿಟ್ಟಂಗೆ ಕಾಯುತ್ತೆ, ನ್ಯೂಟ್ರಲ್‌ಗೆ ಹಾಕಿ ತಣ್ಣಗಾಗೋಕೆ ಬಿಡಿ.

ಯಾವ್ದು ತಗೋಬೇಕು ಅಂದ್ರೆ, ಗಾಡಿ ನಿಂತ ಒಂದೊಂದು ದಿನವೂ ಹೊಟ್ಟೆಗೆ ಹೊಡೆಯೋ ಹಾಗಿದ್ರೆ ಎಕ್ಸ್‌ಚೇಂಜ್, ಕಣ್ಣು ಮುಚ್ಕೊಂಡು. ಇನ್ನೊಂದು ಗಾಡಿ ಕೆಲಸ ನಡೆಸ್ತಿದ್ರೆ, ಗೇರ್ ಹೌಸಿಂಗ್ ಚೆನ್ನಾಗಿದ್ರೆ, ಧೂಳಿಲ್ಲದ ಜಾಗ ಇದ್ರೆ ನೀವೇ ಕಟ್ಟಿ. ಗುಜರಿ ಯುನಿಟ್ ತಂದ್ರೂ ಬಿಚ್ಚಿ ಸೀಲ್ ಹಾಕದೆ ಕೂರಿಸ್ಬಾರ್ದು ಅನ್ನೋದು ನನ್ನ ಲೆಕ್ಕ, ಬಿಚ್ಚೋದೇ ಆದ್ರೆ ನಿಮ್ದನ್ನೇ ಬಿಚ್ಚಬಹುದಲ್ಲ, ನಿಮ್ದರ ಹೌಸಿಂಗ್ ಒಡೆದಿದ್ರೆ ಮಾತ್ರ ಗುಜರಿ ತರೋದಕ್ಕೆ ಅರ್ಥ.

ಈಗ ಎರಡನೇ ಗಾಡಿ ಹಿಂದಿನ ಆಕ್ಸಲ್‌ನಲ್ಲಿ ತಿರುವಿನಲ್ಲಿ ಕಟ್ ಕಟ್ ಅಂತಿದೆ. ಸುತ್ತಮುತ್ತ ಇರೋರೆಲ್ಲಾ ಆಗ್ಲೇ ಗುಜರಿ ಆಕ್ಸಲ್ ಹುಡುಕೋಕೆ ಶುರು ಮಾಡಿದಾರೆ. ನಾನು ಟೇಪ್ ತಗೊಂಡು ನಾಲ್ಕೂ ಟೈರ್ ಸುತ್ತಳತೆ ನೋಡ್ದೆ, ಹಿಂದೆ ಎಡಗಡೆದು ಹೊಸದು, ಬಲಗಡೆದು ಬೋಳು, ಇಷ್ಟು ದಿನ ನೆಟ್ಟಗೆ ಹೋಗ್ವಾಗ್ಲೂ ಪಾಪ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್) ಒಳಗೆ ಸುತ್ತುತ್ತಾನೇ ಇತ್ತು. ಟೈರ್ ಮೊದ್ಲು, ಆಕ್ಸಲ್ ಆಮೇಲೆ ಬಿಚ್ಚೋಣ ಅಂದಿದ್ದೀನಿ.