ಒಂಟೆಯ ತಪ್ಪೇನಿತ್ತು? ಒಂದು ಮಕ್ಕಳ ಪಂಚತಂತ್ರದ ಬಗ್ಗೆ

350 ರೂಪಾಯಿಗೆ ಗಟ್ಟಿ ರಟ್ಟು, ದಪ್ಪ ಹಾಳೆ, ಪುಟಪುಟಕ್ಕೂ ಬಣ್ಣದ ಚಿತ್ರ. ಅಕ್ಷರ ದೊಡ್ಡದು, ಕಾಗುಣಿತದ ತಪ್ಪು ಕಣ್ಣಿಗೆ ಬೀಳಲಿಲ್ಲ. ಮೂರನೇ ಕ್ಲಾಸಿನ ನನ್ನ ಮಗಳು ಯಾರನ್ನೂ ಕೇಳದೆ ಓದಿಕೊಂಡಳು. ಇಷ್ಟಕ್ಕೆ ಪೂರ್ತಿ ಅಂಕ. ಪ್ರಕಾಶಕರ ಹೆಸರು ಬರೆಯುವುದಿಲ್ಲ. ಅಂಗಡಿಯಲ್ಲಿ ಪಕ್ಕದಲ್ಲಿದ್ದ ಬೇರೆ ಪಂಚತಂತ್ರಗಳನ್ನೂ ತಿರುವಿ ನೋಡಿದೆ, ಅವುಗಳಲ್ಲೂ ಇದೇ ಕೊರತೆ.

ಕೊರತೆ ಇರುವುದು ಪ್ರತಿ ಕಥೆಯ ಕೊನೆಗೆ ಹಳದಿ ಚೌಕದಲ್ಲಿ ಅಚ್ಚು ಹಾಕಿರುವ ‘ನೀತಿ’ಯಲ್ಲಿ.

ಒಂಟೆಯ ಕಥೆಯನ್ನೇ ನೋಡಿ. ವರ್ತಕರ ಗುಂಪಿನಿಂದ ತಪ್ಪಿಸಿಕೊಂಡ ಒಂಟೆ ಕಾಡಿಗೆ ಬರುತ್ತದೆ. ಸಿಂಹ ಅಭಯ ಕೊಡುತ್ತದೆ. ಮುಂದೆ ಸಿಂಹಕ್ಕೆ ಆನೆಯ ಜೊತೆ ಜಗಳದಲ್ಲಿ ಗಾಯವಾಗಿ ಬೇಟೆ ನಿಲ್ಲುತ್ತದೆ. ಕಾಗೆ, ನರಿ, ಚಿರತೆ ಎಲ್ಲರೂ ಉಪವಾಸ. ಒಂಟೆಯನ್ನು ಕೊಲ್ಲೋಣ ಅಂದರೆ ರಾಜ ಮಾತು ಕೊಟ್ಟುಬಿಟ್ಟಿದ್ದಾನೆ. ಆಗ ಒಂದು ನಾಟಕ ಹೂಡುತ್ತಾರೆ. ಕಾಗೆ ಮುಂದೆ ಬಂದು ‘ನನ್ನನ್ನು ತಿನ್ನಿ ಪ್ರಭು’ ಅನ್ನುತ್ತದೆ. ‘ನೀನು ತೀರಾ ಚಿಕ್ಕವನು’ ಅಂತ ಉಳಿದವರು ಪಕ್ಕಕ್ಕೆ ಸರಿಸುತ್ತಾರೆ. ನರಿಯದೂ ಹಾಗೆ, ಚಿರತೆಯದೂ ಹಾಗೆ. ಎಲ್ಲರೂ ಹೇಳಿದ ಮೇಲೆ ನಾನೊಬ್ಬ ಸುಮ್ನೆ ಇದ್ದರೆ ಚೆನ್ನಾಗಿರುವುದಿಲ್ಲ ಅಂತ ಪಾಪದ ಒಂಟೆಯೂ ಅದೇ ಮಾತು ಹೇಳುತ್ತದೆ. ಮರುಕ್ಷಣ ಮೇಲೆ ಬೀಳುತ್ತಾರೆ.

ಹಳದಿ ಚೌಕದ ನೀತಿ: ‘ಕೆಟ್ಟವರ ಸಹವಾಸ ಮಾಡಬಾರದು.’

ಅಂದರೆ ತಪ್ಪು ಒಂಟೆಯದು! ಕೊಟ್ಟ ಮಾತನ್ನು ಮುರಿಯದ ಹಾಗೆ ಕಾಣಿಸಿ ಮುರಿಯುವುದು ಹೇಗೆ, ಸಾಯುವವನ ಬಾಯಿಂದಲೇ ಒಪ್ಪಿಗೆ ಹೊರಡಿಸುವುದು ಹೇಗೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸುವ ಕಥೆಗೆ ಇದು ದೊಡ್ಡ ಅನ್ಯಾಯ. ನಂಗಂತೂ ಬೇಜಾರಾಯಿತು.

ಮೂಲದಲ್ಲಿ ಈ ಕಥೆ ಹೇಳುವವನು ಸಂಜೀವಕ ಎಂಬ ಎತ್ತು. ಸಿಂಹ ಪಿಂಗಳಕ ನಿನ್ನನ್ನು ಕೊಲ್ಲಬೇಕೆಂದಿದ್ದಾನೆ ಅಂತ ದಮನಕ ನರಿ ಬಂದು ಹೇಳಿದಾಗ, ರಾಜ ಒಳ್ಳೆಯವನಾದರೂ ಸುತ್ತ ಇರುವವರು ಹೀಗೆ ಮಾಡುತ್ತಾರೆ ಅಂತ ಅದು ಈ ಕಥೆ ಹೇಳುತ್ತದೆ. ಹೇಳುವುದು ಆ ಸಂಚು ಹೂಡಿದ ದಮನಕನಿಗೇ! ಈ ಪುಸ್ತಕದಲ್ಲಿ ಅದ್ಯಾವುದೂ ಇಲ್ಲ. ಕಥೆಯೊಳಗೆ ಕಥೆ ಬರುವ ಹೆಣಿಗೆಯಿಂದ ಕಥೆಗಳನ್ನು ಬಿಡಿಸಿ ಒಂದೊಂದಾಗಿ ಜೋಡಿಸಿದ್ದಾರೆ. ಮೊಲ ಸಿಂಹವನ್ನು ಬಾವಿಗೆ ಬೀಳಿಸುವ ಕಥೆಯೂ ಅಷ್ಟೇ. ಅದನ್ನು ಹೇಳುವವನು ದಮನಕ, ಗೆಳೆಯರಾದ ಪಿಂಗಳಕ, ಸಂಜೀವಕರನ್ನು ಒಡೆಯಲು ಹೊರಟಾಗ, ಉಪಾಯವಿದ್ದರೆ ಸಾಕು ಅಂತ ಜೊತೆಗಾರ ನರಿ ಕರಟಕನನ್ನು ಒಪ್ಪಿಸಲು. ಹೇಳುವವನು ಯಾರು ಅಂತ ಗೊತ್ತಾದರೆ ಜಾಣ ಮೊಲದ ಕಥೆಯೂ ಸ್ವಲ್ಪ ಕಹಿಯಾಗುತ್ತದೆ, ಅಲ್ವಾ?

ಸಿಂಹ, ಎತ್ತಿನ ಕಥೆಯ ಕೊನೆಯನ್ನೂ ತಿದ್ದಿದ್ದಾರೆ. ಇಲ್ಲಿ ದಮನಕನನ್ನು ಕಾಡಿನಿಂದ ಓಡಿಸುತ್ತಾರೆ. ಸಂಸ್ಕೃತದಲ್ಲಿ ಪಿಂಗಳಕ ಎತ್ತನ್ನು ಕೊಂದು ಮರುಗುತ್ತಾನೆ, ದಮನಕನೇ ಸಮಾಧಾನ ಹೇಳಿ ಮಂತ್ರಿಯಾಗಿ ಉಳಿಯುತ್ತಾನೆ. ಈ ಕೊನೆಯನ್ನು ಒಪ್ಪದವರು ಹಿಂದೆಯೂ ಇದ್ದರು. 8ನೇ ಶತಮಾನದ ಅರಬ್ಬಿ ರೂಪದಲ್ಲಿ ನರಿಯ ವಿಚಾರಣೆಗೇ ಒಂದು ಇಡೀ ಅಧ್ಯಾಯ ಸೇರಿದೆ. ಅಲ್ಲಿ ಸಾಕ್ಷಿ, ವಾದ, ಶಿಕ್ಷೆ ಎಲ್ಲ ಇದೆ. ಇಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ.

ಮಕ್ಕಳಿಗೆ ಇದೆಲ್ಲ ಜಾಸ್ತಿ ಆಯ್ತು ಅನ್ನುವವರಿದ್ದಾರೆ. ಒಂಟೆಯ ಕಥೆ ಮುಗಿಸಿ ನನ್ನ ಮಗಳು ಕೇಳಿದ್ದು: ‘ಸಿಂಹಕ್ಕೆ ಇದು ನಾಟಕ ಅಂತ ಗೊತ್ತಿತ್ತಾ?’ ಚೌಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಕನ್ನಡದಲ್ಲಿ ಈ ಕಥೆಗಳನ್ನು 1031ರ ಹೊತ್ತಿಗೇ ಬರೆದ ದುರ್ಗಸಿಂಹ ಚಾಲುಕ್ಯ ದೊರೆ ಜಯಸಿಂಹನ ಸಂಧಿವಿಗ್ರಹಿ. ಯುದ್ಧ, ಸಂಧಿಗಳ ಮಾತುಕತೆಯೇ ಅವನ ದಿನದ ಕೆಲಸ. ಇಂಥವನು ಕೈಗೆತ್ತಿಕೊಂಡ ಕಥೆಗಳ ಪುಸ್ತಕದಲ್ಲಿ ಅವನ ಹೆಸರು ಮುನ್ನುಡಿಯಲ್ಲೂ ಇಲ್ಲ.

ಆರೇಳು ವರ್ಷದ ಮಕ್ಕಳಿಗಾದರೆ ಧಾರಾಳವಾಗಿ ಕೊಳ್ಳಿ, ಚಿತ್ರಗಳಿಗಾದರೂ ದುಡ್ಡು ಸಾರ್ಥಕ. ಅದಕ್ಕಿಂತ ದೊಡ್ಡವರಿಗೆ ಹೆಣಿಗೆ ಬಿಡಿಸದ ಪಂಚತಂತ್ರವನ್ನೇ ಹುಡುಕಿ. ಪ್ರಕಾಶಕರಿಗೆ ನನ್ನ ಕೋರಿಕೆ ಇಷ್ಟೇ: ಮುಂದಿನ ಮುದ್ರಣದಲ್ಲಿ ಹಳದಿ ಚೌಕ ತೆಗೆದುಬಿಡಿ, ಆ ಜಾಗದಲ್ಲಿ ಈ ಕಥೆಯನ್ನು ಯಾರು ಯಾರಿಗೆ, ಯಾವಾಗ ಹೇಳಿದರು ಅಂತ ಎರಡು ಸಾಲು ಹಾಕಿ.